ಗುತ್ತೂರಿಗೆ ಹೋದ ಹುಂಜಗಳು

ಗಂಗಮ್ಮನವರನ್ನು ನಾನು ಮೊದಲ ಸಲ ನೋಡಿದಾಗ ಅವರ ಹಣೆಯ ತುಂಬ ವಿಭೂತಿ ಇತ್ತು, ಕೊರಳಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ ಇತ್ತು, ಕಂಕುಳಲ್ಲಿ ಒಂದು ಕೋಳಿ ಇತ್ತು. ಆ ಕೋಳಿಯ ಬೆನ್ನು ಸವರುತ್ತಲೇ ಅವರು ನಮಗೆ ಮಹಡಿ ಮನೆ ಬಾಡಿಗೆಗೆ ಕೊಡುವ ಷರತ್ತು ಹೇಳಿದರು.

“ನೋಡವ್ವಾ, ನೀರಿಗೆ ತೊಂದ್ರೆ ಇಲ್ಲ. ಗಾಡಿ ನಿಲ್ಸಾಕೆ ಜಾಗ ಐತೆ. ಆದ್ರೆ ಮನ್ಯಾಗ ಮಾಂಸ ಮಾಡಂಗಿಲ್ಲ. ತತ್ತಿನೂ ಬೇಯಿಸಂಗಿಲ್ಲ. ಹೊರಗೆ ತಿಂದು ಬರ್ರಿ, ನಾ ಕೇಳಂಗಿಲ್ಲ.”

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಕೋಳಿಯ ಮುಖ ನೋಡಿದೆ. ನಾನು ಹುಟ್ಟಿ ಬೆಳೆದದ್ದು ಹರಿಹರದ ಪಕ್ಕದ ಗುತ್ತೂರಿನಲ್ಲಿ. ನಮ್ಮದು ಒಕ್ಕಲುತನದ ಮನೆ. ಹಿತ್ತಲಲ್ಲಿ ಕೋಳಿ ಇದೆ ಎಂದರೆ ನೆಂಟರು ಬಂದ ದಿನ ಅದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ಎರಡು ಹೊತ್ತು ಲಿಂಗಪೂಜೆ ಮಾಡುವ ಮನೆಯ ಹಿತ್ತಲಲ್ಲಿ, ಒಂದು ಹಿಂಡು ಕೋಳಿ ಏನು ಮಾಡುತ್ತಿವೆ ಎಂಬುದು ಮಾತ್ರ ನನಗೆ ಅರ್ಥವಾಗಲಿಲ್ಲ. ಮೊಟ್ಟೆ ಯಾರು ತಿನ್ನುತ್ತಾರೆ? ಹುಂಜಗಳು ಎಲ್ಲಿ ಹೋಗುತ್ತವೆ? ಸಾಮಾನು ಇಳಿಸುವ ಮೊದಲೇ ಈ ಎರಡು ಪ್ರಶ್ನೆ ನನ್ನ ತಲೆಯಲ್ಲಿ ಕೂತಿದ್ದವು.

ಮೊದಲನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಯಾರೂ ತಿನ್ನುತ್ತಿರಲಿಲ್ಲ. ಇಟ್ಟ ಮೊಟ್ಟೆಯನ್ನೆಲ್ಲ ಗಂಗಮ್ಮನವರು ಕಾವಿಗೆ ಇಡುತ್ತಿದ್ದರು. ಎರಡನೆಯದಕ್ಕೆ ಉತ್ತರ ಸಿಕ್ಕಿದ್ದು ತಡವಾಗಿ, ಆ ಉತ್ತರದಲ್ಲಿ ನನ್ನ ಹೆತ್ತವ್ವನೇ ಸಿಕ್ಕಿಕೊಂಡಳು.

ಗಂಗಮ್ಮನವರು ಎತ್ತರದ, ದೊಡ್ಡ ದನಿಯ ಹೆಂಗಸು. ಯಜಮಾನರದು ಮಂಡಿಯಲ್ಲಿ ಕಾಳುಕಡಿ ವ್ಯಾಪಾರ. ನುಚ್ಚು, ಜೊಳ್ಳು ಮೂಟೆಗಟ್ಟಲೆ ಮನೆಗೆ ಬರುತ್ತಿತ್ತು. ಕೋಳಿ ಬಂದದ್ದು ಮಾತ್ರ ಆಕಸ್ಮಿಕ. ಬೇಸಿಗೆ ರಜೆಗೆ ಬಂದ ಮೊಮ್ಮಗಳು ಸೈಕಲ್ಲಿನ ಮೇಲೆ ಬಣ್ಣದ ಕೋಳಿಮರಿ ಮಾರುವವನ ಹತ್ತಿರ ಹಟ ಮಾಡಿ ಒಂದು ಗುಲಾಬಿ ಬಣ್ಣದ ಮರಿ ಕೊಂಡಿದ್ದಳು. ಅಂಥ ಮರಿ ವಾರ ಬದುಕುವುದಿಲ್ಲ ಎಂದು ಓಣಿಯವರೆಲ್ಲ ಹೇಳಿದರು. ಗಂಗಮ್ಮನವರು ಅದನ್ನು ಬಿದಿರಿನ ಪುಟ್ಟಿಯಲ್ಲಿಟ್ಟು, ಮೇಲೊಂದು ಬಲ್ಬು ಇಳಿಬಿಟ್ಟು, ನುಚ್ಚು ನೆನೆಹಾಕಿ ತಿನ್ನಿಸಿ ಉಳಿಸಿಕೊಂಡರು. ಮೊಮ್ಮಗಳು ಊರಿಗೆ ಹೋದಳು, ಬಣ್ಣ ಉದುರಿ ಬಿಳಿ ಪುಕ್ಕ ಬಂತು, ‘ಗುಲಾಬಿ’ ಎಂಬ ಹೆಸರು ಉಳಿಯಿತು. ಒಂದು ಬೆಳಗ್ಗೆ ಗಂಗಮ್ಮನವರು ಪೂಜೆಗೆ ಕೂತಿದ್ದಾಗ ಗುಲಾಬಿ ಒಡಕು ದನಿಯಲ್ಲಿ ಕೂಗಿತು.

“ನಿನ್ ಗುಲಾಬಿ ಗಂಡಸು ಕಣೇ,” ಎಂದರಂತೆ ಯಜಮಾನರು, ಹಾಸಿಗೆಯಿಂದಲೇ.

ಒಂಟಿ ಜೀವಕ್ಕೆ ಬೇಸರವಾಗುತ್ತದೆ ಎಂದು ಗಂಗಮ್ಮನವರು ಹರಿಹರದ ಸಂತೆಯಿಂದ ಎರಡು ನಾಟಿ ಹೇಂಟೆ ತಂದರು. ಅಲ್ಲಿಂದ ಸಂಸಾರ ಬೆಳೆಯಿತು.

ಅವರು ಕೋಳಿ ಸಾಕುವ ರೀತಿಯನ್ನು ಮಹಡಿ ಮೆಟ್ಟಿಲ ಮೇಲೆ ಕೂತು ನೋಡುವುದೇ ನನಗೊಂದು ಕೆಲಸವಾಯಿತು. ನಮ್ಮವ್ವ ಸಾಕುತ್ತಿದ್ದದ್ದು ಬೇರೆ ರೀತಿ. ಬೆಳಗ್ಗೆ ಪುಟ್ಟಿ ಎತ್ತಿ ಬಿಟ್ಟರೆ ಸಂಜೆ ಮುಚ್ಚುವುದು. ಗಂಗಮ್ಮನವರಿಗೆ ಎಲ್ಲದಕ್ಕೂ ‘ಯಾಕ’ ಬೇಕು. ಕೋಳಿ ಮಣ್ಣಿನಲ್ಲಿ ಹೊರಳಾಡುವುದು ಯಾಕ? ಹೇನು ಬಿದ್ದಾಗ ಅದು ಮೈ ತೊಳೆದುಕೊಳ್ಳುವ ರೀತಿ ಎಂದು ತಿಳಿದ ಮೇಲೆ ಒಂದು ಹಳೇ ಬಾಣಲೆಯಲ್ಲಿ ಬೂದಿ, ಮಣ್ಣು ಬೆರೆಸಿಟ್ಟು ಅದಕ್ಕೆ ‘ಬಚ್ಚಲು’ ಎಂದು ಹೆಸರಿಟ್ಟರು. ಮೊಟ್ಟೆಯ ಓಡು ತೆಳ್ಳಗಾಗುವುದು ಯಾಕ? ಸುಣ್ಣ ಸಾಲದೆ. ಅಂದಿನಿಂದ ಮರಿಯಾದ ಓಡುಗಳನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ, ಅವಕ್ಕೇ ತಿನ್ನಿಸಿದರು. ಕೊಕ್ಕರೆ ರೋಗಕ್ಕೆ ಆ ಹೆಸರು ಯಾಕ ಬಂತು ಎಂದು ಲಸಿಕೆ ಕೊಡುವ ಪಶುವೈದ್ಯರನ್ನು ಕೇಳಿದರೆ ಅವರು, “ಕತ್ತು ತಿರುಚಿಕೊಳ್ತದಲ್ಲ, ಅದಕ್ಕಿರಬೇಕಮ್ಮಾ,” ಎಂದು ತಪ್ಪಿಸಿಕೊಂಡರು. “ಕೊಕ್ಕರೆ ಯಾವಾಗ ಕತ್ತು ತಿರುಚತೈತ್ರೀ?” ಎಂದು ಇವರು ಗೇಟಿನವರೆಗೂ ಬೆನ್ನುಹತ್ತಿದರು. ಕಣ್ಣಿಗೆ ಲಸಿಕೆಯ ಹನಿ ಬಿಡುವ ದಿನ ಒಂದೊಂದೇ ಕೋಳಿಯನ್ನು ಮಡಿಲಲ್ಲಿ ಹಿಡಿದು, “ಕಣ್ಣು ಬಿಡು, ತೀರ್ಥ ಐತೆ,” ಎನ್ನುತ್ತಿದ್ದರು. ಹೊಸ ಕೋಳಿ ಬಂದರೆ ನಮ್ಮ ಮೆಟ್ಟಿಲ ಕೆಳಗೆ ಪ್ರತ್ಯೇಕ ವಾಸ. ಅದಕ್ಕೆ ಅವರು ಇಟ್ಟ ಹೆಸರು ಕ್ವಾರಂಟೈನು.

ಕತ್ತಲೆಯ ಉಗ್ರಾಣದಲ್ಲಿ ಮೊಬೈಲಿನ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ಒಳಗೆ ನೋಡುವುದನ್ನು ನಾನು ಕಲಿತದ್ದೂ ಅವರಿಂದಲೇ. ಕೋಳಿಯ ಮನೆಯಲ್ಲಿ ಹುಟ್ಟಿದವಳು ನಾನು, ಆದರೂ ನೋಡಿರಲಿಲ್ಲ. ಕಾವಿಗಿಟ್ಟು ವಾರವಾದ ಮೊಟ್ಟೆಯೊಳಗೆ ಕೆಂಪು ಎಳೆಗಳು ಜೇಡನ ಕಾಲಿನ ಹಾಗೆ ಹಬ್ಬಿರುತ್ತವೆ, ನಡುವೆ ಒಂದು ಚುಕ್ಕೆ ಮಿಡಿಯುತ್ತಿರುತ್ತದೆ. “ನೋಡು, ಜೀವ ಐತೆ,” ಎಂದು ಪಿಸುಗುಟ್ಟುತ್ತಿದ್ದರು. ಬರೀ ಬೆಳಕಾಗಿ ಕಂಡರೆ ಅದು ಗೊಡ್ಡು. ಅಷ್ಟು ದೊಡ್ಡ ದನಿಯ ಹೆಂಗಸು ಉಗ್ರಾಣದಲ್ಲಿ ಮಾತ್ರ ಪಿಸುಗುಟ್ಟುತ್ತಿದ್ದರು.

ಇನ್ನೊಂದು ತಮಾಷೆ ಇತ್ತು. ಕೋಳಿಗಳನ್ನೆಲ್ಲ ಅವರು ‘ಬಾ, ಹೋಗು’ ಎಂದೇ ಮಾತನಾಡಿಸುವುದು. ಆದರೆ ಒಂದು ಹೇಂಟೆ ಕಾವಿಗೆ ಕೂತಿತೋ, ಅದಕ್ಕೆ ಬಹುವಚನ. “ಯಾಕ್ರೀ, ಇವತ್ತು ಉಣ್ಣಾಕ ಏಳಲಿಲ್ಲಲ್ರೀ? ನೀರಾದ್ರೂ ಕುಡೀರಿ.” ಮರಿ ಎದ್ದು ಓಡಾಡುವಷ್ಟಾದ ಮೇಲೆ ಆ ಕೋಳಿ ಮತ್ತೆ ಏಕವಚನಕ್ಕೆ ಇಳಿಯುತ್ತಿತ್ತು. ಬಸುರಿ ಬಾಣಂತಿಯರಿಗೆ ಮರ್ಯಾದೆ ಕೊಡಬೇಕು ಎಂಬುದು ಅವರ ವಿವರಣೆ. ಯಜಮಾನರು, “ನನಗೊಂದಿನ ‘ರೀ’ ಅಂದು ಮಾತಾಡ್ಸಿಲ್ಲ ಇವಳು,” ಎಂದು ನನ್ನ ಹತ್ತಿರ ದೂರುತ್ತಿದ್ದರು.

ಸಂತಾನದ ವಿಷಯದಲ್ಲಿ ಅವರು ಕಟ್ಟುನಿಟ್ಟು. ಅಣ್ಣತಂಗಿಯರ ಮರಿ ನಿಶ್ಶಕ್ತ ಎಂದು ಪಶುವೈದ್ಯರು ಒಮ್ಮೆ ಹೇಳಿದ್ದೇ ತಡ, ಗಂಗಮ್ಮನವರು ಕೋಳಿಗಳಿಗೆ ಬೆಡಗು ಹಚ್ಚಿಬಿಟ್ಟರು. ಬೆಡಗು ಎಂದರೆ ಅವರ ಮಂದಿ ಗಂಡುಹೆಣ್ಣು ನೋಡುವಾಗ ಮೊದಲು ಕೇಳುವ ಕುಲದ ಹೆಸರು. ಒಂದೇ ಬೆಡಗಿನವರಲ್ಲಿ ಸಂಬಂಧ ಆಗುವುದಿಲ್ಲ. ಗುಲಾಬಿಯ ವಂಶಕ್ಕೆ ಕೆಂಪು ದಾರ, ಉಳಿದವಕ್ಕೆ ಹಳದಿ ದಾರ. ಅದರಲ್ಲೂ ಹೆಣ್ಣಿಗೆ ಎಡಗಾಲಿಗೆ, ಗಂಡಿಗೆ ಬಲಗಾಲಿಗೆ, ನಾವು ಕೈಗೆ ಕಂಕಣ ಕಟ್ಟಿಕೊಳ್ಳುವ ಹಾಗೆಯೇ. ಮರಿ ಎಳೆಯದಿರುವಾಗ ಗಂಡೋ ಹೆಣ್ಣೋ ತಿಳಿಯದೆ ತಪ್ಪಾಗಿ ಕಟ್ಟಿದ್ದರೆ, ತಿಳಿದ ದಿನ ಕೂತು ಬಿಚ್ಚಿ ಬದಲಾಯಿಸುವರು. ಗುಲಾಬಿಯ ಹೆಣ್ಣುಮಕ್ಕಳಿಗಾಗಿ ಬೇರೆ ಕಡೆಯಿಂದ ಕೆಲವು ದಿನದ ಮಟ್ಟಿಗೆ ಹುಂಜ ಎರವಲು ತರಿಸಿದಾಗ, “ಅಳಿಯ ಬಂದಾನೆ,” ಎಂದು ಅದಕ್ಕೆ ಜೋಳದ ನುಚ್ಚಿನ ಉಪಚಾರ ನಡೆಯಿತು.

ಇಷ್ಟೆಲ್ಲ ಮಾಡುವ ಮನುಷ್ಯರಿಗೆ ಒಂದೇ ಒಂದು ಹಟ. “ನನ್ನ ಕೈಯಾಗ ಹುಟ್ಟಿದ್ದು ಯಾರ ಪಾತ್ರೆಗೂ ಹೋಗಬಾರ್ದು. ಅದಾಗೇ ಸಾಯಬೇಕು.” ಕೇಳಲು ಚೆನ್ನಾಗಿತ್ತು. ಆದರೆ ಮರಿಗಳಲ್ಲಿ ಅರ್ಧದಷ್ಟು ಹುಂಜವಾಗುತ್ತವೆ. ಒಂದು ಹಿತ್ತಲಿಗೆ ಒಂದು ಹುಂಜ ಸಾಕು. ಉಳಿದವು ಬಲಿತ ಕೂಡಲೇ ಒಂದನ್ನೊಂದು ರಕ್ತ ಬರುವಂತೆ ಕುಕ್ಕುತ್ತವೆ, ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹಾಕುತ್ತವೆ. ಪಕ್ಕದ ಮನೆಯವರು ಬೆಳಗಿನ ಕೂಗಿಗೆ ನಿದ್ದೆ ಕೆಟ್ಟು ಜಗಳಕ್ಕೆ ಬಂದರು. ಕೊಡೋಣವೆಂದರೆ ಕೇಳುವವರೆಲ್ಲ ಹಬ್ಬ ಯಾವಾಗ ಎಂದು ಲೆಕ್ಕ ಹಾಕುವವರೇ.

ಆಗ ನಮ್ಮವ್ವ ಬಂದಳು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಗಳ ಮನೆ ನೋಡಲು ಬಂದವಳು ಹಿತ್ತಲಿಗೆ ಇಳಿದು ಕೋಳಿಗಳ ನಡುವೆ ಗಂಗಮ್ಮನವರೊಂದಿಗೆ ಮಾತಿಗೆ ನಿಂತಳು. ನಮ್ಮ ಊರಿನಲ್ಲಿ ಕೋಳಿ ಪಾಲಿಗೆ ಕೊಡುವ ಪದ್ಧತಿ ಇದೆ. ಒಬ್ಬರ ಕೋಳಿ ಇನ್ನೊಬ್ಬರು ಸಾಕಿ, ಆದ ಮರಿಯಲ್ಲಿ ಅರ್ಧ ಹಂಚಿಕೊಳ್ಳುವುದು. ಗಂಗಮ್ಮನವರಿಗೆ ಅದನ್ನು ಕೇಳಿ ದಾರಿ ಕಂಡಿತು.

“ಪಾಲು ಗೀಲು ಬ್ಯಾಡ ಹಾಲಮ್ಮಾ. ಹುಂಜ ಎಲ್ಲ ಪೂರ್ತಿ ನಿಂದೇ. ನಿಮ್ಮೂರಾಗ ಬಯಲು ಐತೆ, ಮೇಯ್ಕಂಡು ಇರ್ತಾವೆ. ಒಂದೇ ಮಾತು, ಕೊಯ್ಯಂಗಿಲ್ಲ.”

“ಆತು ಬಿಡ್ರಿ ಅಮ್ಮಾರೆ,” ಎಂದಳು ಅವ್ವ.

‘ಆತು ಬಿಡ್ರಿ’ ಎಂದರೆ ನಮ್ಮ ಕಡೆ ಒಪ್ಪಿದೆ ಎಂದೂ ಹೌದು, ಸದ್ಯಕ್ಕೆ ಈ ಮಾತು ಬಿಡಿ ಎಂದೂ ಹೌದು. ಅವ್ವ ಯಾವ ಅರ್ಥದಲ್ಲಿ ಹೇಳಿದಳು ಎಂದು ನನಗೆ ಗೊತ್ತಿತ್ತು. ಅಂದಿನಿಂದ ಹುಂಜ ಬಲಿಯಿತು ಎಂದರೆ ಒಂದು ಚೀಲ, ಚೀಲಕ್ಕೆ ಉಸಿರಾಡಲು ತೂತು, ಊರಿಗೆ ಹೊರಟ ನನ್ನ ಗಂಡನ ಬೈಕು. ಮನೆಯಲ್ಲಿ ಒಂದು ಮಾತೇ ರೂಢಿಯಾಯಿತು. ಆ ಕೆಂಚ ಎಲ್ಲಿ? “ಗುತ್ತೂರಿಗೆ ಹೋತು.” ಆ ಜಗಳಗಂಟ? “ಗುತ್ತೂರಿಗೆ ಹೋತು.” ಯಜಮಾನರು ಇದನ್ನು ಹೇಳುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು. ಗಂಗಮ್ಮನವರು ಹೇಳುವಾಗ ಮಾತ್ರ ಅದು ಮಗನಿಗೆ ಒಳ್ಳೆಯ ಊರಿನಲ್ಲಿ ಕೆಲಸ ಸಿಕ್ಕ ದನಿ. ಗುತ್ತೂರಿಗೆ ಹೋದಾಗ ಅವ್ವ ಬಡಿಸಿದ ಸಾರಿನ ಬೆಡಗು ಯಾವುದು ಎಂದು ನಾನೂ ಕೇಳುತ್ತಿರಲಿಲ್ಲ.

ಹೀಗೇ ನಡೆಯುತ್ತಿತ್ತು. ಒಂದು ದಿನ ಗಂಗಮ್ಮನವರು, “ನಾಳೆ ನಿಮ್ಮೂರಿಗೆ ಹೋಗಾಣ ನಡಿ. ನನ್ನ ಹುಂಜ ನೋಡಿ ಬಾಳ ದಿನ ಆತು. ನಿಮ್ಮವ್ವಗೆ ಫೋನು ಮಾಡೀನಿ,” ಎಂದರು. ಮರುದಿನ ಹರಿಹರದ ಬಸ್ಸಿನಲ್ಲಿ ಅವರು ನುಚ್ಚಿನ ಚೀಲ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹುಂಜದ ಗುಣ ನೆನೆಸಿಕೊಳ್ಳುತ್ತಿದ್ದರೆ, ನಾನು ಬಸ್ಸಾದರೂ ಕೆಟ್ಟು ನಿಲ್ಲಬಾರದೇ ಎಂದು ಬೇಡಿಕೊಳ್ಳುತ್ತಿದ್ದೆ.

ಬಸ್ಸು ಕೆಡಲಿಲ್ಲ. ಹರಿಹರದಿಂದ ಆಟೋ ಹಿಡಿದು ಊರು ಮುಟ್ಟಿ ಅಂಗಳಕ್ಕೆ ಕಾಲಿಟ್ಟರೆ, ಸಾಲಾಗಿ ಪುಟ್ಟಿಗಳು ಕವುಚಿದ್ದವು. ಅವ್ವ ಒಂದೊಂದೇ ಪುಟ್ಟಿ ಎತ್ತಿ ತೋರಿಸಿದಳು. ಒಂದೊಂದರ ಕೆಳಗೂ ಒಂದೊಂದು ಹುಂಜ! ಕಾಲಿಗೆ ದಾರ ಬೇರೆ. ಆಮೇಲೆ ಗೋಡೆಯಾಚೆ ನೋಡಿದೆ. ಓಣಿಯ ಹೆಂಗಸರು ನಾಲ್ಕಾರು ಮಂದಿ, ತಂತಮ್ಮ ಹುಂಜದ ಮೇಲೆ ಕಣ್ಣಿಟ್ಟುಕೊಂಡು ನಿಂತಿದ್ದರು.

“ಎಲ್ಲ ಆರಾಮ ಅದಾವ್ರಿ ಅಮ್ಮಾರೆ,” ಎಂದಳು ಅವ್ವ. ಮುಖದಲ್ಲಿ ಬೆವರು.

ಗಂಗಮ್ಮನವರು ಒಂದೊಂದರ ಮುಂದೂ ಬಾಗಿ ನಿಂತರು. ಕಾಲು ನೋಡಿದರು. ಜುಟ್ಟು ಮುಟ್ಟಿದರು. “ಆರಾಮೇನಪ್ಪಾ?” ಎಂದು ಎಲ್ಲವನ್ನೂ ಕೇಳಿದರು. ತಂದ ನುಚ್ಚನ್ನೆಲ್ಲ ಹಂಚಿದರು. ನಮ್ಮ ಮನೆಯಲ್ಲಿ ಅವರು ನೀರೂ ಮುಟ್ಟುವುದಿಲ್ಲ ಎಂದು ಅವ್ವ ಬಾಳೆಹಣ್ಣು ತಂದಿಟ್ಟಿದ್ದಳು. “ಚಾ ಇಲ್ಲೇನು ಹಾಲಮ್ಮಾ?” ಎಂದು ಅವರೇ ಕೇಳಿ ಕುಡಿದರು. ಗೆದ್ದೆವು ಎಂದುಕೊಂಡೆ ನಾನು.

ವಾಪಸು ಬರುವಾಗ ಬಸ್ಸಿನಲ್ಲಿ ಗಂಗಮ್ಮನವರು ನುಚ್ಚಿನ ಖಾಲಿ ಚೀಲವನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು.

“ನಿಮ್ಮವ್ವ ಎಲ್ಲಕ್ಕೂ ದಾರ ಎಡಗಾಲಿಗೆ ಕಟ್ಟ್ಯಾಳೆ, ಹೇಂಟೆಗೆ ಕಟ್ಟಿದಂಗೆ.”

ನಾನು ಟಿಕೆಟ್ಟು ಹುಡುಕುವವಳ ಹಾಗೆ ಪರ್ಸು ತೆಗೆದೆ.

“ಈ ಬಿಸ್ಲಾಗ ಎಷ್ಟು ಮನಿ ತಿರುಗಿ ತಂದಾಳೋ ಪಾಪ. ನನ್ನ ಮನಸ್ಸು ನೋಯಬಾರ್ದು ಅಂತ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಆಕೀಗೆ ಏನೂ ಅನ್ನಬ್ಯಾಡ. ಕೊಯ್ದಾಕಿ ಆಕಿ ಇರಬೋದು, ಮರಿ ಮಾಡ್ಸಿದಾಕಿ ನಾನು.”

ನನಗೆ ಅಳು ಬಂತು. ಅವರ ಕೈ ಹಿಡಿದುಕೊಂಡೆ. ದಾವಣಗೆರೆ ಬರುವವರೆಗೂ ಅವರು ಬಿಡಿಸಿಕೊಳ್ಳಲಿಲ್ಲ.

ಬೇರೆಯವರಾಗಿದ್ದರೆ ಕೋಳಿಗಳನ್ನೇ ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಇವರು ಯೋಚನೆಗೆ ಕೂತರು. ಕೆಲವು ದಿನ ಹಿತ್ತಲಲ್ಲಿ ಸುಮ್ಮನೆ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿರುತ್ತಿದ್ದರು. ಆಮೇಲೆ ಬಡಗಿಯನ್ನು ಕರೆಸಿ, ನುಗ್ಗೆಮರದ ಹತ್ತಿರ ಜಾಲರಿ ಹೊಡೆಸಿ, ಗುಲಾಬಿಯನ್ನು ಬೇರೆ ಮಾಡಿದರು. ಗುಲಾಬಿ ಜಾಲರಿಗೆ ಎದೆ ಕೊಟ್ಟು ಕೂಗಿದ್ದೇ ಕೂಗಿದ್ದು. “ಯಾಕ ಹಿಂಗ ಮಾಡಿದ್ರಿ?” ಎಂದು ಕೇಳಿದೆ. “ಹುಂಜ ಕೂಡದಿದ್ರೂ ಹೇಂಟೆ ತತ್ತಿ ಇಡತೈತೆ. ಅದ್ರಾಗ ಜೀವ ಇರಂಗಿಲ್ಲ ಅಂತಾರೆ. ಹೌದೋ ಅಲ್ಲೋ ನೋಡಬೇಕು,” ಎಂದರು. ಮೊದಮೊದಲು ಉಗ್ರಾಣದ ಕತ್ತಲಲ್ಲಿ ಟಾರ್ಚ್ ಹಿಡಿದರೆ ಜೇಡನ ಕಾಲುಗಳು ಕಾಣುತ್ತಲೇ ಇದ್ದವು. ಆ ಮೊಟ್ಟೆಗಳನ್ನು ಮತ್ತೆ ಕಾವಿಗೇ ಇಟ್ಟರು. ಅದೇ ಅವರ ಹಿತ್ತಲಿನ ಕೊನೆಯ ಮರಿಗಳ ಹಿಂಡು. ಅದರಲ್ಲಿ ಒಂದೇ ಒಂದು ಹುಂಜವಾಯಿತು. ಅದನ್ನು ಗುತ್ತೂರಿಗೆ ಕಳಿಸಲಿಲ್ಲ, ಗುಲಾಬಿಯ ಪಕ್ಕದಲ್ಲೇ ಇನ್ನೊಂದು ಜಾಲರಿ ಬಂತು. ಕೆಲವು ವಾರ ಕಳೆದ ಮೇಲೆ ಮೊಟ್ಟೆಗಳೆಲ್ಲ ಬರೀ ಬೆಳಕಾದವು.

ಕಾವಿಗೆ ಕೂರುವ ಹೇಂಟೆಗಳಿಗೆ ಅದು ತಿಳಿಯಬೇಕಲ್ಲ. ಅವು ಖಾಲಿ ಪುಟ್ಟಿಯಲ್ಲೇ ಕೂತುಬಿಡುತ್ತಿದ್ದವು. ಕಾವು ಬಿಡಿಸಲು ಅವನ್ನು ಗಾಳಿಯಾಡುವ ಕಂಬಿ ಗೂಡಿನಲ್ಲಿಟ್ಟು, “ತಪ್ಪಾತ್ರೀ, ಈ ಸಲ ಏನೂ ಇಲ್ರೀ,” ಎಂದು ಗಂಗಮ್ಮನವರು ಗೂಡಿನ ಮುಂದೆ ಕೂರುತ್ತಿದ್ದರು. ಮರಿಗಳ ಚಿಲಿಪಿಲಿ ಇಲ್ಲದ ಆ ಹಿತ್ತಲು ನನಗೇ ಬೇಡವಾಗುತ್ತಿತ್ತು. ಅವರಿಗೆ ಹೇಗಿತ್ತೋ.

ಆ ಹೊತ್ತಿಗೆ ನಾನು ಬಸುರಿ. ಪಿ.ಜೆ. ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿನಲ್ಲಿ ಕೂರುತ್ತಿದ್ದೆ. ಅಲ್ಲಿನ ಡಾಕ್ಟರಮ್ಮ ರಕ್ತ ಕಡಿಮೆ ಇದೆ, ದಿನಾ ಮೊಟ್ಟೆ ತಿನ್ನು ಎಂದಿದ್ದರು. ಷರತ್ತು ಷರತ್ತೇ. ಸಂಜೆ ಗಾಡಿಯ ಮುಂದೆ ನಿಂತು ಬೇಯಿಸಿದ ಮೊಟ್ಟೆ ತಿನ್ನಲು ಹೋಗಿ, ಎಣ್ಣೆಯ ವಾಸನೆಗೆ ವಾಂತಿ ಮಾಡಿಕೊಂಡು ಬರುತ್ತಿದ್ದೆ. ಗಂಗಮ್ಮನವರಿಗೆ ನಾನು ಹೇಳಿರಲಿಲ್ಲ. ಯಾರು ಹೇಳಿದರೋ.

ಒಂದು ಬೆಳಗ್ಗೆ ಅವರು ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವೆಂದು ಅವರು ಹತ್ತುತ್ತಲೇ ಇರಲಿಲ್ಲ. ಪೂಜೆ ಮುಗಿಸಿದ ಹಸಿ ವಿಭೂತಿ ಹಣೆಯಲ್ಲಿತ್ತು. ಕೈಯಲ್ಲಿ ಒಂದು ಸ್ಟೀಲಿನ ಬಟ್ಟಲು, ಅದರಲ್ಲಿ ಇನ್ನೂ ಬೆಚ್ಚಗಿದ್ದ ಮೊಟ್ಟೆಗಳು.

“ತಗಳ್ರಿ,” ಎಂದರು. “ಇದ್ರಾಗ ಜೀವ ಇಲ್ರೀ. ಉಗ್ರಾಣದಾಗ ನಾನೇ ಕಣ್ಣಾರೆ ನೋಡೀನಿ. ಬೇಯಿಸ್ಕಂಡು ಉಣ್ರೀ.”

ನನಗೆ ಬಹುವಚನ! ಬಟ್ಟಲು ತೆಗೆದುಕೊಂಡು ಹೋಗಿ ಒಲೆ ಹಚ್ಚಿದೆ. ನಮ್ಮ ಒಲೆಯ ಮೇಲೆ ಮೊಟ್ಟೆ ಬೇಯುವವರೆಗೂ ಅವರು ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತಿದ್ದರು. ಮರುದಿನ ಬಟ್ಟಲು ವಾಪಸು ಕೊಡಲು ಹೋದಾಗ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

“ರುಚಿ ಹೆಂಗಿರ್ತೈತ್ರೀ?”

“ಯಾವುದು?”

“ಅದೇ, ತತ್ತಿ. ಇಷ್ಟು ವರ್ಷ ಸಾಕೀನಿ, ಗೊತ್ತಿಲ್ಲ ನೋಡ್ರಿ.”

ಏನು ಹೇಳಲಿ? “ಅದಕ್ಕೆ ಅದರದೇ ರುಚಿ ಅಂತ ಏನಿಲ್ಲ ಗಂಗಮ್ಮಾರೆ. ಉಪ್ಪು ಹಾಕಿದ್ರೆ ಉಪ್ಪಿನ ರುಚಿ.”

“ಅಷ್ಟೇನಾ?” ಎಂದು ಅವರು ನಿಜವಾಗಿಯೂ ನಿರಾಶರಾದರು. “ಅಷ್ಟಕ್ಕೆ ಲೋಕದಾಗ ಇಷ್ಟು ಗಲಾಟಿನಾ!”

ಮಗಳು ಹುಟ್ಟಿ ಹರಿದಾಡುವಷ್ಟಾದ ಮೇಲೆ ನಾನು ಮತ್ತೆ ಏಕವಚನಕ್ಕೆ ಇಳಿದೆ. ಷರತ್ತು ಮಾತ್ರ ಮತ್ತೆ ಬರಲಿಲ್ಲ. ಹೇಂಟೆಗಳು ಒಂದೊಂದಾಗಿ ಮುದಿಯಾದವು, ಮೊಟ್ಟೆ ನಿಲ್ಲಿಸಿದವು, ಅವು ಅವಾಗಿಯೇ ಸತ್ತವು. ಗಂಗಮ್ಮನವರು ಅಂದುಕೊಂಡಿದ್ದ ಹಾಗೆಯೇ. ಪ್ರತಿಯೊಂದನ್ನೂ ನುಗ್ಗೆಮರದ ಬುಡದಲ್ಲಿ ಹುಗಿದು, ಕಾಲಿನ ದಾರ ಬಿಚ್ಚಿ ಮರಕ್ಕೆ ಕಟ್ಟುತ್ತಿದ್ದರು. ಪಕ್ಕದ ಜಾಲರಿಯ ಹುಂಜವೂ ಸತ್ತ ಮೇಲೆ ಕೊನೆಗೆ ಗುಲಾಬಿಯೊಂದೇ ಉಳಿಯಿತು. ವಾರ ಬದುಕುವುದಿಲ್ಲ ಎಂದು ಓಣಿ ಹೇಳಿದ್ದ ಮರಿ ಅದು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಕಾರಿನಲ್ಲಿ. ಎದೆನೋವೆಂದು ಆಸ್ಪತ್ರೆಗೆ ಹೊರಟಿದ್ದರು. ಕಿಟಕಿ ಇಳಿಸಿ, “ಗುಲಾಬಿಗೆ ನೀರು ಇಡು,” ಎಂದರು. ಸಂಜೆಗೆ ಬರುವವರು ಹೇಳುವ ಹಾಗೆ ಹೇಳಿದರು. ಅವರು ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವರ ಮಗ ಹಿತ್ತಲಿಗೆ ಬಂದು, ಗೂಡಿನ ಮುಂದೆ ನಿಂತು ನನಗೆ ಹೇಳಿದರು. “ನಮ್ಮಿಂದ ಇದನ್ನ ನೋಡ್ಕಳಾಕೆ ಆಗಲ್ಲ. ಗುತ್ತೂರಿಗೆ ಕಳಿಸಿಬಿಡ್ರಿ.”

ಪಾಪ, ಆ ಮಾತಿನ ಅರ್ಥ ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮಗಳನ್ನೂ ಗುಲಾಬಿಯನ್ನೂ ಕರೆದುಕೊಂಡು ಊರಿಗೆ ಹೋದೆ. ದಾರಿಯುದ್ದಕ್ಕೂ ಅವ್ವನಿಗೆ ಹೇಗೆ ಹೇಳಲಿ, ಏನೆಂದು ಬೇಡಲಿ ಎಂದೇ ಯೋಚನೆ. ಅವ್ವ ಚೀಲದಿಂದ ಗುಲಾಬಿಯನ್ನು ಎತ್ತಿಕೊಂಡಳು. ರೂಢಿಯ ಕೈ, ಎದೆ ಹಿಚುಕಿ ನೋಡಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಳು. ಹಳೆಯ ದಾರ ಜೂಲಾಗಿತ್ತು. ಅದನ್ನು ಬಿಚ್ಚಿ, ಒಳಗಿನಿಂದ ಕೆಂಪು ದಾರ ತರಿಸಿ, ಹೊಸದಾಗಿ ಕಟ್ಟಿದಳು. ಎಡಗಾಲಿನ ಮಾತು ಎಂದೋ ನನ್ನ ಬಾಯಿ ತಪ್ಪಿ ಅವಳ ಕಿವಿಗೆ ಬಿದ್ದಿತ್ತು. ಕಟ್ಟುವ ಮುಂಚೆ ಹುಂಜವನ್ನು ತನ್ನ ಕಡೆಗೊಮ್ಮೆ, ಆಚೆಗೊಮ್ಮೆ ತಿರುಗಿಸಿ, ಬಲಗಾಲು ಯಾವುದೆಂದು ಖಾತ್ರಿ ಮಾಡಿಕೊಂಡಳು.

“ಯಾಕವ್ವಾ?” ಎಂದೆ.

“ಅಮ್ಮಾರು ಬಂದು ಕೇಳಿದ್ರೆ ಒಂದಾದ್ರೂ ತೋರಿಸ್ಬೇಕಲ್ಲ,” ಎಂದಳು.